ಪೈಥಾನ್ ಭಾಷೆಯ ಆವೃತ್ತಿಗಳೂ ಪ್ರತ್ಯೇಕ ಆವರಣಗಳೂ

ಶಾಲೆಯ ಸ್ಮರಣ ಸಂಚಿಕೆಯೆಂದರೆ ಹಳೆಯ ಉಪಾಧ್ಯಾಯಿನಿಯರ ನೆನಪು, ಬಹುಮಾನಗಳ ಪಟ್ಟಿ, ಕಟ್ಟಡ ನಿಧಿಯ ಲೆಕ್ಕ, ಇವುಗಳೇ ಇರತಕ್ಕವೆಂದು ವಾಚಕರು ಎಣಿಸುವದು ಸಹಜ. ಅವುಗಳ ಮಧ್ಯದಲ್ಲಿ ಕಂಪ್ಯೂಟರಿನ ವಿಷಯವಾದ ಪಾಠವೊಂದನ್ನು ಯಾತಕ್ಕೆ ಸೇರಿಸಿದಿರಿ ಎಂದು ಕೆಲವರು ಕೇಳಬಹುದು. ಆದಕಾರಣ ಮೊದಲು ಇದರ ಅವಶ್ಯಕತೆಯನ್ನು ಅರಿಕೆಮಾಡಿ, ತರುವಾಯ ಪಾಠಕ್ಕೆ ಬರುವೆವು.

2001ನೆಯ ಇಸವಿ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಲ್ಪಟ್ಟ ಮೇಲೆ ನಮ್ಮ ಊರಿನ ಅನೇಕ ಕುಟುಂಬಗಳ ಜೀವನೋಪಾಯವು ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲುಗಳನ್ನೇ ಹೊಂದಿಕೊಂಡಿರುವದು. ಆ ರೈಲುಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಬಹಳ ಮಂದಿ ಉಂಟು. ಅವರಲ್ಲಿ ಕೆಲವರ ಕೆಲಸವೂ, ಈಗ ಕಲಿಯುತ್ತಿರುವ ಅವರ ತಂಗಿಯರ ಪಾಠವೂ ಪೈಥಾನ್ ಎಂಬ ಭಾಷೆಯಲ್ಲಿ ನಡೆಯುತ್ತಿರುವದು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನವರು 2019ರಲ್ಲಿ ಪ್ರಕಟಿಸಿದ ಹನ್ನೊಂದನೆಯ ತರಗತಿಯ ಕಂಪ್ಯೂಟರ್ ಪುಸ್ತಕವು ಈ ಭಾಷೆಯಲ್ಲಿಯೇ ಬರೆಯಲ್ಪಟ್ಟಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಾಠಕ್ರಮದಲ್ಲಿ ಮೊದಲನೆಯ ವರುಷದವರೇ ಇದನ್ನು ತೆಗೆದುಕೊಳ್ಳಬಹುದಾಗಿದೆ.

ಈ ಕಲಿಕೆಯು ಮನೆಯಲ್ಲಿ ಹೇಗೆ ನಡೆಯುತ್ತದೆಂಬದನ್ನು ನಾವು ಬಲ್ಲೆವು. ಮನೆಗೆ ಒಂದೇ ಕಂಪ್ಯೂಟರು; ಅದೂ ಅನೇಕವೇಳೆ ಬೇರೊಬ್ಬರು ಉಪಯೋಗಿಸಿ ಮಾರಿದ್ದು. ತಂದೆಯ ಲೆಕ್ಕಪತ್ರ, ತಮ್ಮನ ಪಾಠ, ಅಕ್ಕನ ಕಾಲೇಜಿನ ಅಭ್ಯಾಸ ಇವೆಲ್ಲಾ ಅದರಲ್ಲಿಯೇ ಆಗಬೇಕು. ಹೀಗಿರಲಾಗಿ, ನಿನ್ನೆ ಸರಿಯಾಗಿ ನಡೆದ ಕಾರ್ಯಕ್ರಮವು ಇಂದು ಬೆಳಿಗ್ಗೆ ನಿಂತುಹೋಗಿ, ತೆರೆಯ ಮೇಲೆ ಕೆಂಪು ಅಕ್ಷರಗಳು ಸಾಲುಸಾಲಾಗಿ ಬರುವವು. ಆಗ ಮನೆಯಲ್ಲಿ ಹೊರಡುವ ಮೊದಲನೆಯ ಮಾತು, "ನೀನೇ ಏನೋ ಮಾಡಿ ಕೆಡಿಸಿದೆ" ಎಂಬದೇ. ಈ ಮಾತು ಹುಡುಗನಿಗಿಂತ ಹುಡುಗಿಗೆ ಬೇಗ ಹೇಳಲ್ಪಡುತ್ತದೆ. ಮತ್ತು ಹುಡುಗಿಯು ಅದನ್ನು ಹುಡುಗನಿಗಿಂತ ಬೇಗ ನಂಬುತ್ತಾಳೆ. ತನಗೆ ಈ ವಿದ್ಯೆ ಬಾರದು ಎಂದು ತೀರ್ಮಾನಿಸಿ ಆ ವಿಷಯವನ್ನೇ ಬಿಟ್ಟುಬಿಡಬೇಕೆಂದು ನಮ್ಮ ಬಳಿಗೆ ಬಂದವರುಂಟು. ಅವರಲ್ಲಿ ಹೆಚ್ಚಿನವರು ಏನನ್ನೂ ಕೆಡಿಸಿರಲಿಲ್ಲ. ಎರಡು ಬೇರೆ ಬೇರೆ ಕೆಲಸಗಳ ಸಾಮಾನುಗಳು ಒಂದೇ ಕಪಾಟಿನಲ್ಲಿ ಸೇರಿಹೋಗಿದ್ದವು, ಅಷ್ಟೇ. ಅವುಗಳನ್ನು ಬೇರೆಯಾಗಿಡುವ ಕ್ರಮವನ್ನು ಮೊದಲನೆಯ ದಿವಸವೇ ಹೇಳಿಕೊಡತಕ್ಕದ್ದು. ಪಾಠದ ಪುಸ್ತಕಗಳು ಇದನ್ನು ಕೊನೆಯಲ್ಲಿ ಒಂದು ಮಾತಿನಲ್ಲಿ ಹೇಳಿ ಮುಗಿಸುವದು ನಮಗೆ ಸರಿತೋರುವದಿಲ್ಲ.

ಮೊದಲು ಭಾಷೆಯ ವಿಷಯ. ಪೈಥಾನೆಂದರೆ ಹೆಬ್ಬಾವಲ್ಲವೇ ಎಂದು ತಾಯಂದಿರು ನಗುತ್ತಾ ಕೇಳುವರು. ಹೆಸರು ಹಾವಿನಿಂದ ಬಂದದ್ದಲ್ಲ. ಮಾಂಟಿ ಪೈಥಾನ್ ಎಂಬ ಇಂಗ್ಲಿಷ್ ಹಾಸ್ಯ ನಾಟಕದ ತಂಡದಿಂದ ಬಂದದ್ದು. ಹಾಲೆಂಡಿನ ಗೈಡೊ ವಾನ್ ರೋಸಮ್ ಎಂಬವರು ಆಮ್ಸ್ಟರ್‌ಡ್ಯಾಮ್ ನಗರದ ಗಣಿತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ 1989ರ ಡಿಸೆಂಬರಿನಲ್ಲಿ ಇದನ್ನು ಆರಂಭಿಸಿ, 1991ರಲ್ಲಿ ಮೊದಲು ಹೊರಗೆ ಕೊಟ್ಟರು. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ ದೇಶದ ಪೈಥಾನ್ ಬಳಗದವರ ಮೊದಲನೆಯ ಮಹಾಸಭೆಯು 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂಡಿತು. ಆದಕಾರಣ ಇದು ನಮಗೆ ಬಹು ದೂರದ ವಿಷಯವೆಂದು ಎಣಿಸಬೇಕಾದದ್ದಿಲ್ಲ.

ಜೀವಂತವಾದ ಯಾವ ಭಾಷೆಯೂ ಒಂದೇ ರೀತಿಯಲ್ಲಿರುವದಿಲ್ಲ. ಪೈಥಾನ್ ಸಹ ಬದಲಾಗುತ್ತಾ ಬಂದಿದೆ. ಆ ಬದಲಾವಣೆಯ ಒಂದೊಂದು ಮೆಟ್ಟಿಲಿಗೂ ಆವೃತ್ತಿಯೆಂದು ಹೆಸರು. 2000ದಲ್ಲಿ ಎರಡನೆಯದೂ, 2008ರ ಡಿಸೆಂಬರಿನಲ್ಲಿ ಮೂರನೆಯದೂ ಬಂದವು. ಎರಡರಲ್ಲಿ ಬರೆದ ಪಾಠಗಳಲ್ಲಿ ಬಹಳವು ಮೂರರಲ್ಲಿ ನಡೆಯಲಿಲ್ಲ. ಜನರು ಬದಲಾಯಿಸಿಕೊಳ್ಳುವದಕ್ಕೆ ಹನ್ನೊಂದು ವರುಷಕ್ಕಿಂತ ಹೆಚ್ಚು ಸಮಯ ಕೊಟ್ಟು, 2020ರ ಜನವರಿ 1ರಂದು ಎರಡನೆಯದರ ಪೋಷಣೆಯನ್ನು ನಿಲ್ಲಿಸಿಬಿಟ್ಟರು. 2019ರಿಂದೀಚೆಗೆ ವರುಷಕ್ಕೊಂದಾವರ್ತಿ ಹೊಸ ಆವೃತ್ತಿ ಬರಬೇಕೆಂದು ಗೊತ್ತುಮಾಡಿಕೊಂಡು, ಅಕ್ಟೋಬರ್ ತಿಂಗಳಲ್ಲಿ ಒಂದೊಂದನ್ನು ಕೊಡುತ್ತಾ ಬಂದಿದ್ದಾರೆ: 2023ರಲ್ಲಿ 3.12, 2024ರಲ್ಲಿ 3.13, 2025ರಲ್ಲಿ 3.14. ಒಂದೊಂದಕ್ಕೂ ಸುಮಾರು ಐದು ವರುಷದ ಆಯುಸ್ಸು.

ಈ ಅಂಕಿಗಳನ್ನು ಓದುವದರಲ್ಲಿ ಹುಡುಗಿಯರು ಎಡವುವದುಂಟು. 3.10 ದೊಡ್ಡದೋ 3.9 ದೊಡ್ಡದೋ ಎಂದು ಕೇಳಿದರೆ, ದಶಾಂಶದ ಲೆಕ್ಕ ಬಲ್ಲವಳು 3.9 ಎಂದೇ ಹೇಳುವಳು. ಇದು ದಶಾಂಶವಲ್ಲ. ಸತ್ಯವೇದದಲ್ಲಿ ಅಧ್ಯಾಯ, ವಚನಗಳನ್ನು ಹೇಗೆ ಓದುತ್ತೇವೋ ಹಾಗೆ ಓದತಕ್ಕದ್ದು: ಮೂರನೆಯ ಅಧ್ಯಾಯದ ಒಂಬತ್ತನೆಯ ವಚನವಾದ ಮೇಲೆ ಹತ್ತನೆಯದು ಬರುವದು.

ಆವೃತ್ತಿ ಬದಲಾದರೆ ಏನು ಕೆಡುತ್ತದೆ ಎಂಬದಕ್ಕೆ ನಮ್ಮ ಊರಿನ ಚರಿತ್ರೆಯಲ್ಲಿಯೇ ಒಳ್ಳೆಯ ದೃಷ್ಟಾಂತವುಂಟು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿಯ ಮೂಲಕ ಇಲ್ಲಿಯ ಗಣಿಗಳಿಗೆ ವಿದ್ಯುತ್ತು ಬಂದದ್ದನ್ನು ಎಲ್ಲರೂ ಕೇಳಿರುವರು. ಆ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದ್ದು. ಈಗ ದೇಶದಲ್ಲೆಲ್ಲಾ ಇರುವದು 50 ಆವರ್ತಗಳದ್ದು. ಇಪ್ಪತ್ತೈದಕ್ಕೆಂದು ಮಾಡಿದ ಮೋಟಾರನ್ನು ಐವತ್ತಕ್ಕೆ ಸೇರಿಸಿದರೆ ಅದು ಇಮ್ಮಡಿ ವೇಗದಿಂದ ತಿರುಗುವದಕ್ಕೆ ಹೊರಡುವದು. ಅದಕ್ಕೆ ಜೋಡಿಸಿದ ಪಂಪು ತಡೆಯಲಾರದು. ಇದರಲ್ಲಿ ಮೋಟಾರಿನ ದೋಷವಿಲ್ಲ, ವಿದ್ಯುತ್ತಿನ ದೋಷವೂ ಇಲ್ಲ. ಒಂದಕ್ಕೊಂದು ಹೊಂದಲಿಲ್ಲ. ಕಾರ್ಯಕ್ರಮಕ್ಕೂ ಆವೃತ್ತಿಗೂ ಇರುವ ಸಂಬಂಧವು ಇಂಥದೇ. ಮೂರನ್ನು ಎರಡರಿಂದ ಭಾಗಿಸೆಂದು ಹಳೆಯ ಪೈಥಾನಿಗೆ ಹೇಳಿದರೆ 1 ಎನ್ನುತ್ತಿತ್ತು; ಹೊಸದು 1.5 ಎನ್ನುತ್ತದೆ. ಹಳೆಯ ಪುಸ್ತಕದಿಂದ ನೋಡಿ ಬರೆದವಳಿಗೆ ತಪ್ಪೆಂಬ ಸೂಚನೆಯೂ ಸಿಕ್ಕದೆ ಉತ್ತರ ಮಾತ್ರ ಬೇರೆಯಾಗುವದು, ಇದು ಕೆಂಪು ಅಕ್ಷರಗಳಿಗಿಂತಲೂ ಕೆಟ್ಟದ್ದು.

ಕನ್ನಡಿಗರಾದ ನಮಗೆ ಮೂರನೆಯ ಆವೃತ್ತಿಯಿಂದ ಒಂದು ವಿಶೇಷ ಲಾಭವಾಯಿತು. "ಕೋಲಾರ" ಎಂಬ ಪದದ ಉದ್ದವೆಷ್ಟೆಂದು ಕೇಳಿದರೆ, ಎರಡನೆಯ ಪೈಥಾನು ಸಾಧಾರಣವಾಗಿ 15 ಎಂದು ಉತ್ತರಕೊಡುತ್ತಿತ್ತು. ಯಾತಕ್ಕಂದರೆ ಅದು ಅಕ್ಷರವನ್ನು ನೋಡದೆ, ಅಕ್ಷರವನ್ನು ಶೇಖರಿಸಿಡುವ ಬೈಟುಗಳನ್ನು ಎಣಿಸುತ್ತಿತ್ತು. ಮೂರನೆಯದು 5 ಎನ್ನುತ್ತದೆ: ಕ, ಓತ್ವ, ಲ, ದೀರ್ಘ, ರ. ನಮ್ಮ ಒಂದನೆಯ ತರಗತಿಯ ಮಗು ಕೋ, ಲಾ, ರ ಎಂದು 3 ಎಣಿಸುವದು. ಮಗುವಿನ ಮಟ್ಟಕ್ಕೆ ಯಂತ್ರವು ಇನ್ನೂ ಬಂದಿಲ್ಲವಾದರೂ ಹದಿನೈದಕ್ಕಿಂತ ಐದು ವಾಸಿ. ಇದಲ್ಲದೆ ಮೂರರಲ್ಲಿ ಲೆಕ್ಕದ ಹೆಸರುಗಳನ್ನೇ ಕನ್ನಡದಲ್ಲಿ ಇಡಬಹುದು. "ಅಂಕ = 35" ಎಂದು ಬರೆದರೆ ಯಂತ್ರವು ಒಪ್ಪಿಕೊಳ್ಳುತ್ತದೆ. ಹಿಂದೆ ಇದು ಆಗುತ್ತಿರಲಿಲ್ಲ.

ಇನ್ನು ಯಾವ ಆವೃತ್ತಿಯನ್ನು ಹಾಕಿಕೊಳ್ಳಬೇಕೆಂಬ ಪ್ರಶ್ನೆ. ಕಾಲೇಜಿನವರು ಒಂದನ್ನು ಹೇಳಿದ್ದರೆ ಅದನ್ನೇ ಹಾಕತಕ್ಕದ್ದು. ಹೇಳದಿದ್ದರೆ, ಎಲ್ಲಕ್ಕೂ ಹೊಸದಾದದ್ದಕ್ಕಿಂತ ಒಂದು ಮೆಟ್ಟಿಲು ಹಿಂದಿನದನ್ನು ತೆಗೆದುಕೊಳ್ಳುವದು ಉತ್ತಮವೆಂಬದು ನಮ್ಮ ಅಭಿಪ್ರಾಯ. ಯಾಕೆಂದರೆ ಭಾಷೆಯನ್ನು ಮಾಡುವವರು ಬೇರೆ, ಅದಕ್ಕೆ ಉಪಕರಣಗಳನ್ನು ಮಾಡಿಕೊಡುವವರು ಬೇರೆ. ಹೊಸ ಆವೃತ್ತಿ ಬಂದಮೇಲೆ ಉಪಕರಣಗಳು ಅದಕ್ಕೆ ಹೊಂದಿಕೊಳ್ಳಲು ಕೆಲವು ತಿಂಗಳುಗಳು ಬೇಕಾಗುವವು. ಹಳೆಯ ಕಂಪ್ಯೂಟರುಗಳುಳ್ಳ ಮನೆಯವರು ಇನ್ನೊಂದನ್ನು ತಿಳಿದಿರಬೇಕು. ವಿಂಡೋಸ್ 7 ಇರುವ ಯಂತ್ರದಲ್ಲಿ ಪೈಥಾನಿನ 3.9 ಮತ್ತು ಅದರ ಮುಂದಿನ ಯಾವ ಆವೃತ್ತಿಯೂ ಕೂರುವದಿಲ್ಲ, 3.8ಕ್ಕೆ ನಿಂತುಹೋಗುವದು, ಮತ್ತು 3.8ರ ಪೋಷಣೆಯು 2024ರ ಅಕ್ಟೋಬರಿನಲ್ಲಿ ಮುಗಿದುಹೋಗಿದೆ. ಮಗಳು ನಾಲ್ಕು ಸಾರಿ ಪ್ರಯತ್ನಿಸಿದರೂ ಆಗಲಿಲ್ಲವೆಂದರೆ ಅದು ಅವಳ ಅಜ್ಞಾನದಿಂದಾದದ್ದಲ್ಲ.

ಭಾಷೆಯನ್ನು ಪೈಥಾನಿನವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳತಕ್ಕದ್ದು. ಗೆಳತಿಯ ಪೆನ್‌ಡ್ರೈವಿನಿಂದ ಬೇಡ. ವಿಂಡೋಸಿನಲ್ಲಿ ಹಾಕುವಾಗ ಮೊದಲನೆಯ ತೆರೆಯ ಕೆಳಭಾಗದಲ್ಲಿ, ಪೈಥಾನನ್ನು ಪಾತ್ ಎಂಬದಕ್ಕೆ ಸೇರಿಸಬೇಕೋ ಎಂದು ಕೇಳುವ ಸಣ್ಣ ಚೌಕವೊಂದುಂಟು. ಪಾತ್ ಎಂದರೆ ಆಜ್ಞೆಯನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಯಂತ್ರದ ಪಟ್ಟಿ. ಆ ಚೌಕದಲ್ಲಿ ಗುರುತು ಹಾಕದಿದ್ದರೆ, ಪೈಥಾನ್ ಎಂದು ಕರೆದಾಗ ಯಂತ್ರವು ಅದನ್ನು ಕಾಣದೆ ಮೈಕ್ರೋಸಾಫ್ಟ್ ಸ್ಟೋರ್ ಎಂಬ ಅಂಗಡಿಯನ್ನು ತೆರೆದು ಕೂರುವದುಂಟು. ಒಂದೇ ಯಂತ್ರದಲ್ಲಿ ಎರಡು ಮೂರು ಆವೃತ್ತಿಗಳು ಒಟ್ಟಿಗೆ ಇರಬಹುದು. ಒಂದು ಮತ್ತೊಂದನ್ನು ಅಳಿಸುವದಿಲ್ಲ. ಹಳೆಯದನ್ನು ತೆಗೆದರೇ ಹೊಸದು ಕೂರುವದೆಂಬ ನಂಬಿಕೆಯಿಂದ ನಡೆಯುತ್ತಿರುವ ಕೆಲಸವನ್ನು ಕಳೆದುಕೊಳ್ಳಬಾರದು.

ಇಲ್ಲಿಂದ ಮುಂದೆ ಆಜ್ಞೆಗಳು ಬರುವವು. ಅವುಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಮುದ್ರಿಸಿದ್ದೇವೆ. ಯಂತ್ರದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು,

ಪೈ --ಲಿಸ್ಟ್

ಎಂದು ಬರೆದರೆ ಆ ಯಂತ್ರದಲ್ಲಿರುವ ಆವೃತ್ತಿಗಳೆಲ್ಲಾ ಕಾಣುವವು. ಪೈ ಎಂಬದು ಪಿ, ವೈ ಎಂಬ ಎರಡೇ ಅಕ್ಷರ. "ಪೈ -3.12" ಎಂದರೆ 3.12ನ್ನೇ ಕರೆ ಎಂದರ್ಥ.

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ಭಾಷೆಯೊಂದರಿಂದಲೇ ಕೆಲಸವಾಗುವದಿಲ್ಲ. ಲೆಕ್ಕಕ್ಕೆ ನಂಪೈ, ಪಟ್ಟಿಗಳಿಗೆ ಪಾಂಡಾಸ್, ಚಿತ್ರಗಳಿಗೆ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಹಾಗೆ ಪರರು ಮಾಡಿಟ್ಟ ಉಪಕರಣಗಳನ್ನು ತರಿಸಿಕೊಳ್ಳಬೇಕು. ಇವುಗಳಿಗೆ ಪ್ಯಾಕೇಜುಗಳೆಂದು ಹೆಸರು; ತಂದುಕೊಡುವ ಆಳಿಗೆ ಪಿಪ್ ಎಂದು ಹೆಸರು. ಪ್ಯಾಕೇಜುಗಳಿಗೂ ಆವೃತ್ತಿಗಳುಂಟು, ಮತ್ತು ಒಂದು ಪ್ಯಾಕೇಜು ಇನ್ನೊಂದನ್ನು ಆಶ್ರಯಿಸಿಕೊಂಡಿರುವದು. ಒಂದು ಕಪಾಟಿನಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿಗೆ ಸ್ಥಳ. ಹೊಸದನ್ನು ತಂದರೆ ಹಳೆಯದು ಸದ್ದಿಲ್ಲದೆ ಹೊರಟುಹೋಗುವದು. ಇಲ್ಲಿಯೇ ತೊಂದರೆ ಹುಟ್ಟುವದು.

ಹಾಸ್ಟೆಲಿನಲ್ಲಿ ಇದ್ದು ಹೋದವರಿಗೆ ಇದನ್ನು ಹೆಚ್ಚು ವಿವರಿಸಬೇಕಾದದ್ದಿಲ್ಲ. ಹಾಸ್ಟೆಲಿನ ಉಗ್ರಾಣವು ಎಲ್ಲರದು. ಆದರೆ ಒಬ್ಬೊಬ್ಬ ಹುಡುಗಿಗೂ ಮಂಚದ ಕೆಳಗೆ ತನ್ನದಾದ ಒಂದು ತಗಡಿನ ಪೆಟ್ಟಿಗೆ ಇರುವದು. ತನ್ನ ಬಟ್ಟೆ, ತನ್ನ ಹೊಲಿಗೆಯ ಸಾಮಾನು, ತನ್ನ ಪುಸ್ತಕ ಅದರಲ್ಲಿ. ಒಬ್ಬಳು ತನ್ನ ಪೆಟ್ಟಿಗೆಯನ್ನು ತಲೆಕೆಳಗು ಮಾಡಿದರೂ ಪಕ್ಕದವಳ ರವಿಕೆ ಕಾಣೆಯಾಗದು. ಪೈಥಾನಿನ ವರ್ಚುವಲ್ ಎನ್ವಿರಾನ್ಮೆಂಟ್ ಎಂಬದು ಈ ಪೆಟ್ಟಿಗೆಯೇ. ನಾವು ಅದನ್ನು ಪ್ರತ್ಯೇಕ ಆವರಣವೆಂದು ಕರೆಯುವೆವು. ಒಂದೊಂದು ಕೆಲಸಕ್ಕೂ ಒಂದೊಂದು ಆವರಣ. ಆ ಕೆಲಸಕ್ಕೆ ಬೇಕಾದ ಪ್ಯಾಕೇಜುಗಳು ಅದರೊಳಗೆ ಮಾತ್ರ. ಭಾಷೆಯ ಮೂಲ ಗ್ರಂಥಭಾಗವು ಹೊರಗೆ ಒಂದೇ ಇದ್ದು ಎಲ್ಲಾ ಆವರಣಗಳಿಗೂ ಬಡಿಸುವದು. ಈ ಕಲ್ಪನೆಯನ್ನು 2007ರಲ್ಲಿ ಇಯಾನ್ ಬಿಕಿಂಗ್ ಎಂಬವರು ವರ್ಚುವಲ್‌ಎನ್ವ್ ಎಂಬ ಉಪಕರಣವಾಗಿ ಹೊರಗೆ ಕೊಟ್ಟರು. ಇದು ಎಷ್ಟು ಅವಶ್ಯವೆಂದು ಕಂಡುಬಂದಿತೆಂದರೆ, 2012ರ ಸೆಪ್ಟೆಂಬರಿನಲ್ಲಿ ಬಂದ 3.3ರಿಂದ ಭಾಷೆಯೊಳಗೇ ವೆನ್ವ್ ಎಂಬ ಹೆಸರಿನಿಂದ ಸೇರಿಸಲ್ಪಟ್ಟಿತು. ಈಗ ಬೇರೆ ಏನನ್ನೂ ತರಿಸಬೇಕಾಗಿಲ್ಲ.

ನಮ್ಮಲ್ಲಿ ಓದಿ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ಒಬ್ಬಳ ಸಂಗತಿಯನ್ನು ಹೆಸರು ಹೇಳದೆ ಇಲ್ಲಿ ತಿಳಿಸುವೆವು, ಅವಳ ಅನುಮತಿಯುಂಟು. ಅವಳು ಕಾಲೇಜಿನ ಕೆಲಸವೊಂದನ್ನು ಬಹು ಶ್ರಮದಿಂದ ಮುಗಿಸಿದ್ದಳು. ಅದು ನಂಪೈಯ ಒಂದನೆಯ ಪೀಳಿಗೆಗೆ ಹೊಂದಿಸಿ ಕಟ್ಟಲ್ಪಟ್ಟ ಮತ್ತೊಂದು ಪ್ಯಾಕೇಜನ್ನು ಆಶ್ರಯಿಸಿತ್ತು. 2024ರ ಜೂನಿನಲ್ಲಿ ನಂಪೈ 2.0 ಹೊರಬಂದಿತು, ಒಂದನೆಯದಕ್ಕೆ ಕಟ್ಟಿದ ಅನೇಕ ಪ್ಯಾಕೇಜುಗಳು ಅದರೊಂದಿಗೆ ನಡೆಯಲಾರದೆ ಹೋದವು. ಆ ವರುಷ ಅವಳು ರಜೆಯಲ್ಲಿ ಬೇರೊಂದು ಪಾಠಕ್ಕೆ ಸೇರಿ, ಅಲ್ಲಿ ಹೇಳಿದಂತೆ ಎಲ್ಲವನ್ನೂ ಹೊಸದಕ್ಕೆ ಏರಿಸಿದಳು. ಕಾಲೇಜಿನಲ್ಲಿ ಕೆಲಸವನ್ನು ತೋರಿಸಬೇಕಾದ ಹಿಂದಿನ ರಾತ್ರಿ ಅದನ್ನು ತೆರೆದರೆ ಒಂದು ಸಾಲೂ ನಡೆಯಲಿಲ್ಲ. ತಂದೆಯವರು ಕಂಪ್ಯೂಟರನ್ನು ಎತ್ತಿ ಬೀರುವಿನಲ್ಲಿ ಬೀಗಹಾಕಿದರು. ಎರಡು ದಿವಸಗಳಾದ ಮೇಲೆ ಅವಳು ನಮ್ಮ ಬಳಿಗೆ ಬಂದಾಗ, ಓದುತ್ತಿರುವ ಶಾಖೆಯನ್ನೇ ಬದಲಾಯಿಸಬೇಕೆಂಬ ಅರ್ಜಿ ಕೈಯಲ್ಲಿತ್ತು. ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯವರು ತಂದೆಯವರನ್ನೂ ಕರೆಕಳುಹಿಸಿ, ಅವರ ಎದುರಿನಲ್ಲಿಯೇ ಎರಡು ಆವರಣಗಳನ್ನು ಮಾಡಿ, ಒಂದರಲ್ಲಿ ಹಳೆಯ ನಂಪೈಯನ್ನೂ ಮತ್ತೊಂದರಲ್ಲಿ ಹೊಸದನ್ನೂ ಇರಿಸಿದರು. ಅರ್ಧ ಘಂಟೆಯ ಕೆಲಸ. ಎರಡು ಪಾಠಗಳೂ ಅಕ್ಕಪಕ್ಕದಲ್ಲಿ ನಡೆದದ್ದನ್ನು ತಂದೆಯವರು ಬಹಳ ಹೊತ್ತು ನೋಡುತ್ತಾ ನಿಂತಿದ್ದು, "ಹಾಗಾದರೆ ಇವಳು ಕೆಡಿಸಲಿಲ್ಲವೇ?" ಎಂದು ಕೇಳಿದರು. ಅರ್ಜಿಯು ನಮ್ಮ ಮೇಜಿನ ಖಾನೆಯಲ್ಲಿ ಉಳಿಯಿತು.

ಆವರಣವನ್ನು ಮಾಡುವ ಕ್ರಮ ಹೀಗೆ. ಮೊದಲು ಆ ಕೆಲಸಕ್ಕೆಂದು ಒಂದು ಫೋಲ್ಡರನ್ನು ಮಾಡಿಕೊಂಡು, ಕಪ್ಪು ಕಿಟಕಿಯಲ್ಲಿ ಅದರೊಳಗೆ ಹೋಗಬೇಕು. ಅನಂತರ,

ಪೈ -3.12 -ಎಂ ವೆನ್ವ್ ವೆನ್ವ್

ಎಂದು ಬರೆಯಬೇಕು. ವೆನ್ವ್ ಎಂಬದು ವಿ, ಇ, ಎನ್, ವಿ ಎಂಬ ನಾಲ್ಕು ಅಕ್ಷರ. ಅದು ಎರಡು ಸಾರಿ ಬಂದದ್ದು ಮುದ್ರಣದ ತಪ್ಪಲ್ಲ: ಮೊದಲನೆಯದು ಉಪಕರಣದ ಹೆಸರು, ಎರಡನೆಯದು ನಾವು ಪೆಟ್ಟಿಗೆಗೆ ಇಡುವ ಹೆಸರು. ಕ್ಷಣಕಾಲದಲ್ಲಿ ಆ ಹೆಸರಿನ ಫೋಲ್ಡರೊಂದು ಹುಟ್ಟುವದು. ಅದರೊಳಗೆ ಪ್ರವೇಶಿಸುವದಕ್ಕೆ,

ವೆನ್ವ್\ಸ್ಕ್ರಿಪ್ಟ್ಸ್\ಆಕ್ಟಿವೇಟ್

ಎನ್ನಬೇಕು. ಆಗ ಸಾಲಿನ ಮೊದಲಲ್ಲಿ ಕಂಸದೊಳಗೆ ವೆನ್ವ್ ಎಂಬ ಹೆಸರು ಕಾಣಿಸಿಕೊಳ್ಳುವದು. ಇದೇ ಗುರುತು. ಈ ಗುರುತನ್ನು ನೋಡದೆ ಏನನ್ನೂ ತರಿಸಕೂಡದೆಂದು ನಮ್ಮ ಹುಡುಗಿಯರಿಗೆ ಕಟ್ಟಪ್ಪಣೆ ಮಾಡಿದ್ದೇವೆ. ಪವರ್‌ಶೆಲ್ ಎಂಬ ನೀಲಿ ಕಿಟಕಿಯಲ್ಲಿ ಇದೇ ಆಜ್ಞೆಯನ್ನು ಕೊಟ್ಟರೆ, ಲಿಪಿಗಳನ್ನು ನಡೆಸಲು ಅಪ್ಪಣೆಯಿಲ್ಲವೆಂದು ಅದು ಅನೇಕವೇಳೆ ನಿರಾಕರಿಸುವದು. ಹೆದರಬೇಕಾದದ್ದಿಲ್ಲ, ಕಪ್ಪು ಕಿಟಕಿಗೆ ಹೋದರೆ ಆಯಿತು. ಲಿನಕ್ಸ್ ಇರುವವರು "ಪೈಥಾನ್3 -ಎಂ ವೆನ್ವ್ ವೆನ್ವ್" ಎಂದು ಮಾಡಿ, "ಸೋರ್ಸ್ ವೆನ್ವ್/ಬಿನ್/ಆಕ್ಟಿವೇಟ್" ಎಂದು ಪ್ರವೇಶಿಸತಕ್ಕದ್ದು. ಉಬುಂಟುವಿನಲ್ಲಿ ವೆನ್ವ್ ಭಾಗವನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗಬಹುದು. ಹಾಗಿದ್ದರೆ ಯಂತ್ರವೇ ಅದನ್ನು ತಿಳಿಸುವದು.

ಒಳಗೆ ಹೋದ ಮೇಲೆ ಪೈ ಎಂಬ ಚಿಕ್ಕ ಹೆಸರನ್ನು ಬಿಟ್ಟು, ಪೈಥಾನ್ ಎಂಬ ಪೂರ್ಣ ಹೆಸರಿನಿಂದಲೇ ಕರೆಯುವದು ಕ್ಷೇಮ. "ಪೈ -3.12" ಎಂದರೆ ಅದು ಆವರಣವನ್ನು ದಾಟಿ ಹೊರಗಿನದನ್ನು ಕರೆಯುವದು. ಪ್ಯಾಕೇಜನ್ನು ತರಿಸಲು,

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ನಂಪೈ

ಎಂದು ಬರೆಯಬೇಕು. ಬರೀ ಪಿಪ್ ಎಂದೂ ಕರೆಯಬಹುದು. ಆದರೆ ಉದ್ದವಾಗಿ ಕರೆದರೆ ಯಾವ ಪೈಥಾನಿನ ಪಿಪ್ ಎಂಬದರಲ್ಲಿ ಸಂಶಯವುಳಿಯದು. ಪ್ಯಾಕೇಜಿನ ಹೆಸರನ್ನು ಅಕ್ಷರ ಅಕ್ಷರವಾಗಿ ಸರಿನೋಡತಕ್ಕದ್ದು. ಒಂದಕ್ಷರ ತಪ್ಪಿದ ಹೆಸರಿನಲ್ಲಿ ಕಳ್ಳ ಪ್ಯಾಕೇಜುಗಳನ್ನು ಇಟ್ಟು ಕಾದುಕೊಂಡಿರುವ ದುಷ್ಟರು ಲೋಕದಲ್ಲಿದ್ದಾರೆ. ಕೆಲಸ ಮುಗಿದ ಮೇಲೆ "ಡಿಆಕ್ಟಿವೇಟ್" ಎಂದರೆ ಹೊರಗೆ ಬರುವೆವು.

ಇಷ್ಟೆಲ್ಲಾ ಮಾಡಿಯೂ, "ನಂಪೈ ಹಾಕಿದೆ, ಆದರೆ ಇಲ್ಲವೆನ್ನುತ್ತದೆ" ಎಂಬ ದೂರು ಮಾತ್ರ ನಮ್ಮ ಶಾಲೆಯಲ್ಲಿ ವಾರಕ್ಕೊಂದು ಸಾರಿಯಾದರೂ ಬರುವದು. ಕಾರಣವು ಬಹುತೇಕ ಒಂದೇ. ಹುಡುಗಿಯು ಆವರಣದೊಳಗೆ ಪ್ಯಾಕೇಜನ್ನು ತರಿಸಿ, ತರುವಾಯ ಮೆನುವಿನಿಂದ ಐಡಲ್ ಎಂಬ ಬರೆಯುವ ಕಿಟಕಿಯನ್ನು ತೆರೆಯುವಳು. ಆ ಕಿಟಕಿಯು ಹೊರಗಿನ ಪೈಥಾನಿಗೆ ಸೇರಿದ್ದು. ಪೆಟ್ಟಿಗೆಯಲ್ಲಿರುವದು ಅದಕ್ಕೆ ಹೇಗೆ ಕಾಣಬೇಕು? ಆವರಣದೊಳಗಿಂದಲೇ "ಪೈಥಾನ್ -ಎಂ ಐಡಲ್‌ಲಿಬ್" ಎಂದು ತೆರೆದರೆ ಸರಿಹೋಗುವದು. ವಿಎಸ್ ಕೋಡ್ ಉಪಯೋಗಿಸುವವರು ಅದರಲ್ಲಿ ಇಂಟರ್‌ಪ್ರಿಟರನ್ನು ಆರಿಸುವ ಸ್ಥಳದಲ್ಲಿ ಈ ಆವರಣವನ್ನು ತೋರಿಸಿಕೊಡಬೇಕು. ಸಂದೇಹ ಬಂದಾಗ "ವೇರ್ ಪೈಥಾನ್" ಎಂದು ಕೇಳಿದರೆ, ಯಾವ ಫೋಲ್ಡರಿನದು ಮೊದಲು ಸಿಕ್ಕುತ್ತದೆಂದು ವಿಂಡೋಸು ಹೇಳುವದು. ಇನ್ನೊಂದು ಚಿಕ್ಕ ಉಪದ್ರವವುಂಟು: ತಾನು ಬರೆದ ಪಾಠಕ್ಕೆ ಪ್ಯಾಕೇಜಿನ ಹೆಸರನ್ನೇ, ಅಂದರೆ ನಂಪೈ ಎಂದೋ ರ‍್ಯಾಂಡಮ್ ಎಂದೋ, ಇಟ್ಟುಬಿಡುವದು. ಯಂತ್ರವು ಮೊದಲು ಅವಳದನ್ನೇ ತೆರೆದು ನೋಡಿ ಗಲಿಬಿಲಿಗೊಳ್ಳುವದು.

ಲಿನಕ್ಸಿನ ಮನೆಗಳಿಗೆ ಒಂದು ವಿಶೇಷ ಎಚ್ಚರಿಕೆ. ಆ ವ್ಯವಸ್ಥೆಯ ಸ್ವಂತ ಉಪಕರಣಗಳಲ್ಲಿ ಕೆಲವು ಪೈಥಾನಿನಲ್ಲಿಯೇ ಬರೆಯಲ್ಪಟ್ಟಿವೆ. ಅದರ ಉಗ್ರಾಣಕ್ಕೆ ಕೈಹಾಕಿದರೆ ಹುಡುಗಿಯ ಪಾಠವಷ್ಟೇ ಅಲ್ಲ, ಕಂಪ್ಯೂಟರಿನ ಸಂಸಾರವೇ ಕೆಡಬಹುದು. ಆದಕಾರಣ 2023ರಲ್ಲಿ ಬಂದ ಉಬುಂಟು 23.04, ಡೆಬಿಯನ್ 12 ಇವು ಮೊದಲ್ಗೊಂಡು, ಆವರಣವಿಲ್ಲದೆ ಪಿಪ್ ನಡೆಸಿದರೆ ಯಂತ್ರವು ಒಪ್ಪುವದಿಲ್ಲ. ಈ ತಡೆಯನ್ನು ಮುರಿಯಲು ಒಂದು ಸೂಚನೆಯೂ ಉಂಟು. ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ ಎಂಬದೇ ಅದರ ಹೆಸರಿನ ಅರ್ಥ. ಅದನ್ನು ಇಟ್ಟವರು ಪ್ರಾಮಾಣಿಕರು. ಆದರೂ ಅವಸರದವರು ಅದನ್ನು ಪರರಿಗೆ ಉಪದೇಶಿಸುವದನ್ನು ನೋಡಿದ್ದೇವೆ.

ಬೆಂಗಳೂರಿಗೆ ಹೋಗಿಬರುವವರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಮನೆಯಲ್ಲಿ ಮಾಡಿದ ಆವರಣವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಕಾಲೇಜಿನ ಯಂತ್ರದಲ್ಲಿ ತೆರೆದರೆ ಅದು ನಡೆಯದು. ಆವರಣದೊಳಗಿನ ಕಡತಗಳಲ್ಲಿ ಮನೆಯ ಯಂತ್ರದ ಸ್ಥಳಗಳ ವಿಳಾಸವು ಪೂರ್ಣವಾಗಿ ಬರೆಯಲ್ಪಟ್ಟಿರುವದು. ಬೇರೆ ಯಂತ್ರದಲ್ಲಿ ಆ ವಿಳಾಸವೇ ಇಲ್ಲ. ಅದೇ ಯಂತ್ರದಲ್ಲಿ ಫೋಲ್ಡರಿನ ಹೆಸರನ್ನು ಬದಲಾಯಿಸಿದರೂ ಇದೇ ಗತಿ. ಸಾಗಿಸಬೇಕಾದದ್ದು ಪೆಟ್ಟಿಗೆಯಲ್ಲ, ಪೆಟ್ಟಿಗೆಯೊಳಗಿನ ಸಾಮಾನುಗಳ ಪಟ್ಟಿ. ಹಾಸ್ಟೆಲಿಗೆ ಬರುವ ಮಗುವಿನ ಪೆಟ್ಟಿಗೆಯ ಮುಚ್ಚಳದ ಒಳಗೆ ತಾಯಿಯು ಅಂಟಿಸಿ ಕಳುಹಿಸುವ ಚೀಟಿಯನ್ನು ನೆನಸಿಕೊಳ್ಳಿರಿ. ಅಂಥ ಪಟ್ಟಿಯನ್ನು ಮಾಡುವ ಆಜ್ಞೆ ಇದು:

ಪೈಥಾನ್ -ಎಂ ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ

ಇದರಿಂದ ಒಂದೊಂದು ಪ್ಯಾಕೇಜಿನ ಹೆಸರೂ ಅದರ ಆವೃತ್ತಿಯೂ ಸಾಲುಸಾಲಾಗಿ ಬರೆಯಲ್ಪಡುವವು. ತಾನು ಬರೆದ ಪಾಠವನ್ನೂ ಈ ಚಿಕ್ಕ ಕಡತವನ್ನೂ ಮಾತ್ರ ಒಯ್ದು, ಕಾಲೇಜಿನ ಯಂತ್ರದಲ್ಲಿ ಹೊಸ ಆವರಣವನ್ನು ಮಾಡಿ ಪ್ರವೇಶಿಸಿ,

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ

ಎಂದರೆ ಅವೇ ಆವೃತ್ತಿಗಳು ಬಂದು ಸೇರುವವು. ಆ ಪಟ್ಟಿಯಲ್ಲಿ ಪೈಥಾನಿನ ಸ್ವಂತ ಆವೃತ್ತಿಯು ಬರುವದಿಲ್ಲ. ಅದನ್ನು ಹುಡುಗಿಯು ತನ್ನ ನೋಟುಪುಸ್ತಕದಲ್ಲಿ ಕೈಯಿಂದ ಬರೆದಿಟ್ಟುಕೊಳ್ಳಬೇಕು. ಸಂದರ್ಶನಕ್ಕೆ ಹೋಗುವವಳಿಗೂ, ಮೊದಲನೆಯ ದಿವಸ ಕೆಲಸಕ್ಕೆ ಸೇರುವವಳಿಗೂ ಈ ಪಟ್ಟಿಯ ಅಭ್ಯಾಸವು ಪದವಿಪತ್ರದಷ್ಟೇ ಉಪಯೋಗಕ್ಕೆ ಬರುವದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೇ ಬಂದು ಹೇಳಿದ್ದಾರೆ.

ಇವುಗಳಲ್ಲದೆ ಬೇರೆ ಉಪಕರಣಗಳೂ ಉಂಟು. ಲಿನಕ್ಸಿನಲ್ಲಿಯೂ ಮ್ಯಾಕಿನಲ್ಲಿಯೂ ಹಲವು ಆವೃತ್ತಿಗಳನ್ನು ಆಳುವದಕ್ಕೆ ಪೈಎನ್ವ್ ಎಂಬದಿದೆ. ಅದು ಭಾಷೆಯನ್ನು ಮೂಲದಿಂದಲೇ ಕಟ್ಟುವದಾದ್ದರಿಂದ ನಿಧಾನ. ವಿಜ್ಞಾನದವರು ಕೊಂಡಾ ಎಂಬದನ್ನು ಹೊಗಳುವರು. 2024ರಲ್ಲಿ ಬಂದ ಯುವಿ ಎಂಬದು ಆವೃತ್ತಿ, ಆವರಣ, ಪ್ಯಾಕೇಜು ಈ ಮೂರನ್ನೂ ತಾನೇ ನೋಡಿಕೊಂಡು ಆಶ್ಚರ್ಯಕರವಾದ ವೇಗದಿಂದ ಕೆಲಸಮಾಡುವದು. ಕೆಲಸಕ್ಕೆ ಸೇರಿದವರು ಅದನ್ನು ಉಪಯೋಗಿಸಲಿ. ಕಲಿಯುವವಳು ಮೊದಲು ವೆನ್ವ್‌ನಲ್ಲಿ ಕೈಪಳಗಿಸಿಕೊಳ್ಳಲೆಂಬದು ನಮ್ಮ ಹಟ. ಹೊಲಿಗೆಯ ಯಂತ್ರಕ್ಕೆ ಮುಂಚೆ ಸೂಜಿ ಹಿಡಿಸುತ್ತೇವಲ್ಲವೇ.

ತಾಯಿತಂದೆಗಳಿಗೆ ಎರಡು ಮಾತು. ಆವರಣವೆಂಬದು ಸಾಮಾನ್ಯವಾದ ಒಂದು ಫೋಲ್ಡರು. ಅದು ಕೆಟ್ಟರೆ ಅಳಿಸಿಬಿಟ್ಟು, ಪಟ್ಟಿಯಿಂದ ಮತ್ತೊಂದನ್ನು ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. ನಿಮ್ಮ ಲೆಕ್ಕಪತ್ರಕ್ಕೂ ಮಗನ ಪಾಠಕ್ಕೂ ಅದರಿಂದ ಹಾನಿಯಿಲ್ಲ. ಅಳಿಸುವ ಮುಂಚೆ ಮಗಳು ಬರೆದ ಪಾಠಗಳು ಆ ಫೋಲ್ಡರಿನ ಒಳಗಿಲ್ಲ, ಪಕ್ಕದಲ್ಲಿವೆ ಎಂಬದನ್ನು ಅವಳನ್ನೇ ಕೇಳಿ ನಿಶ್ಚಯಮಾಡಿಕೊಳ್ಳಿರಿ. ಒಂದೇ ಕಂಪ್ಯೂಟರಿನಲ್ಲಿ ಮೂವರು ಕೆಲಸಮಾಡುವ ಮನೆಯಲ್ಲಿ ಮೂವರಿಗೂ ಬೇರೆ ಬೇರೆ ಫೋಲ್ಡರುಗಳಿರಲಿ, ಮತ್ತು ಅವಳ ಫೋಲ್ಡರಿಗೆ ಅವಳ ಹೆಸರಿರಲಿ. ಕೆಂಪು ಅಕ್ಷರಗಳು ಬಂದಾಗ, ಕೆಡಿಸಿದೆಯಾ ಎಂದು ಕೇಳುವದರ ಬದಲಾಗಿ, ಸಾಲಿನ ಮೊದಲಲ್ಲಿ ಕಂಸದೊಳಗೆ ಹೆಸರು ಕಾಣುತ್ತದೆಯೋ ಎಂದು ಕೇಳಿದರೆ, ನೀವೂ ಈ ಪಾಠವನ್ನು ಓದಿದ್ದೀರೆಂದು ಅವಳಿಗೆ ತಿಳಿಯುವದು.

ಶನಿವಾರ ಮಧ್ಯಾಹ್ನದ ಮೇಲೆ ಎರಡು ಘಂಟೆಗಳ ಕಾಲ ಶಾಲೆಯ ಕಂಪ್ಯೂಟರ್ ಕೊಠಡಿಯು ಹಳೆಯ ವಿದ್ಯಾರ್ಥಿನಿಯರಿಗಾಗಿ ತೆರೆದಿರುವದು. ಬರುವವರು ತಮ್ಮ ಪಾಠದ ಕಡತವನ್ನೂ, ಮೇಲೆ ಹೇಳಿದ ಪಟ್ಟಿಯನ್ನೂ, ಪೈಥಾನಿನ ಆವೃತ್ತಿಯನ್ನು ಬರೆದ ಚೀಟಿಯನ್ನೂ ತರತಕ್ಕದ್ದು. ಕಂಪ್ಯೂಟರನ್ನೇ ಹೊತ್ತುಕೊಂಡು ಬರಬೇಕಾದದ್ದಿಲ್ಲ.